ಪುಟ್ಟಮ್ಮನ ಕೊರಳಿಗೆ ಕಟ್ಟಿದ ಸೀಟಿ

ಎರಡನೇ ಮಹಾಯುದ್ಧ ಶುರುವಾದ ವರ್ಷ ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನರ್ಸ್ ಆಗಿದ್ದೆ. ಮಕ್ಕಳ ಮನೆಯ ಉಸ್ತುವಾರಿಯೂ ನನ್ನದೇ. ತಾಯಂದಿರು ಹಣ್ಣು ಕೊಯ್ಯಲು ಹೋದಾಗ ಅವರ ಹದಿನೆಂಟು ಕೂಸುಗಳನ್ನು ಆಯಾ ಪುಟ್ಟಮ್ಮ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ತೋಟದ ತುದಿಯಲ್ಲಿದ್ದ ಒಂಟಿ ಕಟ್ಟಡ ಅದು.

ತಿಮ್ಮನೆಂಬ ಆಳಿನ ಎಂಟು ತಿಂಗಳ ಮಗಳು ದಿನವಿಡೀ ಕಣ್ಣೇ ಬಿಡುತ್ತಿರಲಿಲ್ಲ. ರಗಳೆ ಬೇಡವೆಂದು ಅಪ್ಪನೇ ಬೆಳಿಗ್ಗೆ ಬೆರಳಿಗೆ ಅಫೀಮು ಸವರಿ ಚೀಪಿಸುತ್ತಿದ್ದ. ಪುಟ್ಟಮ್ಮ ನನಗೆ ಹೇಳಿದಳು, ನಾನು ಮ್ಯಾನೇಜರರಿಗೆ ಹೇಳಿದೆ. ಆ ಪುಣ್ಯಾತ್ಮರು ಮಸ್ಟರಿನಲ್ಲಿ, ಅಂದರೆ ಬೆಳಗಿನ ಹಾಜರಿಯಲ್ಲಿ, ಎಲ್ಲರೆದುರು ತಿಮ್ಮನ ಮರ್ಯಾದೆ ತೆಗೆದರು. ಹೇಳಿದವಳು ಯಾರೆಂಬುದನ್ನೂ ಬಾಯಿಬಿಟ್ಟರು. ಸಂಜೆಯೇ ಅವನು ಪುಟ್ಟಮ್ಮನನ್ನು ಅಡ್ಡಗಟ್ಟಿ, "ನಿನ್ ಮುಖ ಸುಟ್ಟಾಕ್ತೀನಿ" ಎಂದ.

"ನನ್ ಜೊತೆಗೆ ಇನ್ನೊಂದ್ ಹೆಣ್ಣಾಳು ಕೊಡ್ಸಿ ಅಮ್ಮಾ" ಎಂದು ಅವಳು ಬೇಡಿಕೊಂಡಳು. ಕೊಯ್ಲಿನ ಕಾಲದಲ್ಲಿ ಒಂದಾಳನ್ನೂ ಬಿಡಲಾಗದು ಎಂದರು ಮ್ಯಾನೇಜರು. ಸೀಟಿಯ ಉಪಾಯ ಹೊಳೆದದ್ದು ನನಗೆ. ಪೇಟೆಯಿಂದ ತರಿಸಿ, ದಾರ ಪೋಣಿಸಿ, ನಾನೇ ಅವಳ ಕೊರಳಿಗೆ ಕಟ್ಟಿದೆ.

"ಸೀಟಿ ಊದೋರು ಮೇಸ್ತ್ರಿ ಅಲ್ವಾ ಅಮ್ಮಾ?"

"ಜೋರಾಗಿ ಊದು ಮಾರಾಯ್ತಿ, ಇಡೀ ತೋಟ ಓಡಿ ಬರುತ್ತೆ" ಎಂದು ನಕ್ಕೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಐದನೇ ದಿನ, ಬಿಸಿಲು ನೆತ್ತಿಗೇರಿದ ಮೇಲೆ ತಿಮ್ಮ ಬಂದ. ಪುಟ್ಟಮ್ಮ ಕೂಸುಗಳಿಗೆ ಅಡ್ಡ ನಿಂತು ಮೂರು ಸಲ ಸೀಟಿ ಊದಿದಳು. ಮಕ್ಕಳಿಗೆಂದು ಒಲೆಯ ಮೇಲೆ ಕುದಿಯುತ್ತಿದ್ದ ಗಂಜಿಯನ್ನು ಅವನು ಪಾತ್ರೆಸಮೇತ ಎತ್ತಿ ಅವಳ ಮುಖಕ್ಕೆ ಸುರಿದ.

ಸೀಟಿ ತೋಟಕ್ಕೆಲ್ಲ ಕೇಳಿಸಿತ್ತು. ಆದರೆ ಎಸ್ಟೇಟಿನಲ್ಲಿ ಆ ಹೊತ್ತಿನ ಸೀಟಿ ಎಂದರೆ ಊಟ. ಆಳುಗಳು ಬುಟ್ಟಿ ಇಳಿಸಿ ಬುತ್ತಿ ಬಿಚ್ಚಿದರು. ಪಕ್ಕದ ತೋಟದ ಮೇಸ್ತ್ರಿ ಊದಿರಬೇಕೆಂದು ನಮ್ಮ ಮೇಸ್ತ್ರಿಯೂ ಕೈ ತೊಳೆಯಲು ಹೋದ. ಊಟ ಮುಗಿಸಿ, ಹಾಲೂಡಿಸಲು ಬಂದ ತಾಯಂದಿರೇ ಅವಳನ್ನು ಮೊದಲು ನೋಡಿದ್ದು.

ತಿಮ್ಮನಿಗೆ ಜೈಲಾಯಿತು. ಪುಟ್ಟಮ್ಮನ ಎರಡೂ ಕಣ್ಣು ಹೋದವು. ಮರುವಾರವೇ ಮಕ್ಕಳ ಮನೆಗೆ ಇಬ್ಬರು ಆಯಾಗಳು ಬಂದರು. ಕೊಯ್ಲು ಇನ್ನೂ ಮುಗಿದಿರಲಿಲ್ಲ.

ಚಿಕ್ಕಮಗಳೂರಿನ ಆಸ್ಪತ್ರೆಗೆ ನೋಡಲು ಹೋದೆ. ಬ್ಯಾಂಡೇಜಿನೊಳಗಿಂದ ನನ್ನ ದನಿ ಗುರುತಿಸಿ, ದಿಂಬಿನಡಿ ತಡಕಾಡಿ ಸೀಟಿಯನ್ನು ನನ್ನ ಅಂಗೈಗಿಟ್ಟಳು.

"ಮೇಸ್ತ್ರಿಗೆ ಕೊಟ್ಬಿಡಿ ಅಮ್ಮಾ."

ನಾಚಿಕೆಯಿಂದ ಸತ್ತಂತಾಯಿತು. ಆಮೇಲೆ ಇನ್ನೂ ಮೂರು ಎಸ್ಟೇಟುಗಳಲ್ಲಿ ಕೆಲಸ ಮಾಡಿದೆ. ಹೆದರಿ ಬಂದ ಆಯಾ ಏನು ಕೇಳಿದಳೋ ಅದನ್ನೇ ಜಗಳವಾಡಿ ಕೊಡಿಸಿದೆ, ನನಗೆ ಹೊಳೆದದ್ದನ್ನಲ್ಲ.