ಒಂದು ದಿನವೂ ಯಸುಮಿ ಇಲ್ಲ

ಶಿಕ್ಷಕಿ ಮಿಜೊಗುಚಿ ಚಿಕಾಕೊ ಅವರು ಧನ್‌ಸರಾ ಘರ್ತಿಯನ್ನು ಮೊದಲು ನೋಡಿದ್ದು ಹಿಂದಿನಿಂದ. ಏಪ್ರಿಲ್ ತಿಂಗಳ ಎರಡನೆಯ ಮಂಗಳವಾರ, ಜಪಾನಿನ ಜೂಜೋದ ಭಾಷಾ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳ ಸಂದರ್ಶನವಿತ್ತು. ಶಾಲೆ ಇದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ, ಮೂರನೆಯ ಮಹಡಿಯಲ್ಲಿ. ಇಕ್ಕಟ್ಟಾದ ಕಾರಿಡಾರಿನಲ್ಲಿ ಹನ್ನೆರಡು ಜನ ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತಿದ್ದರು. ಕೊನೆಯವಳು ಮಾತ್ರ ಕಿಟಕಿಯತ್ತ ತಿರುಗಿ ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ಅವಳ ಹೊಸ ಕಪ್ಪು ಕೋಟಿನ ಹಿಂಭಾಗದ ಸೀಳನ್ನು ಕೂಡಿಸಿ ಅಂಗಡಿಯವರು ಹಾಕಿದ್ದ ಬಿಳಿ ದಾರದ ಹೊಲಿಗೆ ಹಾಗೆಯೇ ಇತ್ತು. ಅದನ್ನು ಬಿಚ್ಚಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಚಿಕಾಕೊ ಕತ್ತರಿ ತಂದು, “ಅಲುಗಾಡ್ಬೇಡ” ಎಂದು ಸನ್ನೆ ಮಾಡಿ ದಾರ ಕತ್ತರಿಸಿದರು. ಹುಡುಗಿ ತಿರುಗಿ ಆ ದಾರದ ತುಂಡನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡಳು. ಇಪ್ಪತ್ತನಾಲ್ಕು ವರ್ಷ, ಅಗಲ ಮುಖ, ಕಣ್ಣ ಕೆಳಗೆ ಆಗಲೇ ಕಪ್ಪು.

ಒಳಗೆ ಕೂತ ಮೇಲೆ ಅವಳು ಒಂದೇ ಉಸಿರಿಗೆ ಒಪ್ಪಿಸಿದಳು. “ನಾನು ಧನ್‌ಸರಾ ಘರ್ತಿ. ನೇಪಾಳದ ಬಾಗ್ಲುಂಗಿನಿಂದ ಬಂದೆ. ದಯವಿಟ್ಟು ನನ್ನನ್ನ ನೋಡ್ಕೊಳ್ಳಿ.”

“ಯಸುಮಿ ದಿನ ಏನ್ಮಾಡ್ತೀರಾ?” ಎಂದು ಚಿಕಾಕೊ ಕೇಳಿದರು. ಇಪ್ಪತ್ತೆಂಟು ವರ್ಷದಿಂದ ಹೊಸಬರಿಗೆಲ್ಲ ಕೇಳುತ್ತ ಬಂದ ಪ್ರಶ್ನೆ ಅದು. ಸಿನಿಮಾ ನೋಡ್ತೀನಿ, ಬಟ್ಟೆ ಒಗೀತೀನಿ ಅಂತ ಏನಾದರೂ ಒಂದು ಹೇಳಿದರೆ ಸಾಕು.

ಹುಡುಗಿಗೆ ಪದ ಗೊತ್ತಿರಲಿಲ್ಲ. ಚಿಕಾಕೊ ಎಂದಿನಂತೆ ಎರಡೂ ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು, ತಲೆ ವಾಲಿಸಿ, ಕಣ್ಣು ಮುಚ್ಚಿ ತೋರಿಸಿದರು. “ಯಸುಮಿ.”

ಧನ್‌ಸರಾ ಆ ಅಭಿನಯವನ್ನು ಗಮನವಿಟ್ಟು ನೋಡಿದಳು. ತಾನೂ ಹಾಗೆಯೇ ಮಾಡಿದಳು. ಆಮೇಲೆ ಕೈ ಬಿಡಿಸಿ ನಕ್ಕು, “ಯಸುಮಿ ಇಲ್ಲ, ಸೆನ್ಸೇ” ಎಂದಳು.

ಅವಳನ್ನು ಚಿಕಾಕೊ ಅವರ ತರಗತಿಗೇ ಹಾಕಿದರು.

ಧನ್‌ಸರಾಳ ದಿನ ಹೀಗಿತ್ತು. ನಸುಕಿಗೆ ಮುಂಚೆ ಕಾರ್ಖಾನೆಯ ವ್ಯಾನು ಬಂದು ಅವಳನ್ನು ತೋದಾ ಊರಿಗೆ ಒಯ್ಯುತ್ತಿತ್ತು. ಅಲ್ಲಿ ನಾಲ್ಕರಿಂದ ಎಂಟರವರೆಗೆ ಊಟದ ಡಬ್ಬಿಗಳಿಗೆ ಸುಟ್ಟ ಮೀನಿನ ತುಂಡು ಇಡುವ ಕೆಲಸ. ಎಂಟಕ್ಕೆ ಬಿಟ್ಟರೆ ರೈಲಿನಲ್ಲಿ ಕಾಲು ಗಂಟೆ, ಜೂಜೋದಲ್ಲಿ ಇಳಿದು, ಒಂಬತ್ತಕ್ಕೆ ತರಗತಿ. ಲೆಕ್ಕಕ್ಕೆ ಬೇಕಾದಷ್ಟು ಹೊತ್ತು ಇತ್ತು. ಆದರೆ ರೈಲಿನಲ್ಲಿ ಕಂಬ ಹಿಡಿದು ನಿಂತರೂ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ಜೂಜೋ ದಾಟಿ, ಶಿಂಜುಕು ದಾಟಿ, ದಕ್ಷಿಣದ ಕೊನೆಯ ನಿಲ್ದಾಣಕ್ಕೆ ಹೋಗಿ ಎಚ್ಚರವಾಗುತ್ತಿತ್ತು. ಅಲ್ಲೂ ಎಚ್ಚರವಾಗದಿದ್ದರೆ ಅದೇ ರೈಲು ತಿರುಗಿ ಅವಳನ್ನು ಉತ್ತರದ ತುದಿಯ ಕಾವಾಗೋಯೆಗೆ ಒಯ್ದು ಹಾಕುತ್ತಿತ್ತು.

ಹತ್ತಕ್ಕೋ ಹನ್ನೊಂದಕ್ಕೋ ಬಾಗಿಲು ತೆರೆದು, ಬಗ್ಗಿ, “ತಡವಾಯ್ತು, ಕ್ಷಮಿಸಿ” ಎಂದು ಅವಳು ಒಳಗೆ ಬಂದರೆ, ಹಿಂದಿನ ಸಾಲಿನ ವಿಯೆಟ್ನಾಮಿನ ಹುಡುಗ ನ್ಯೆಮ್ ಬಿಡುತ್ತಿರಲಿಲ್ಲ.

“ಇವತ್ತು ಎಲ್ಲಿಗೆ ಹೋಗಿದ್ದೆ ಅಕ್ಕ? ಸಮುದ್ರಕ್ಕೋ, ಬೆಟ್ಟಕ್ಕೋ?”

“ಕಾವಾಗೋಯೆ.”

“ಅಲ್ಲಿ ಗೆಣಸಿನ ಮಿಠಾಯಿ ಚೆನ್ನಾಗಿರತ್ತಂತೆ. ತರ್ಬಾರ್ದಿತ್ತಾ?”

“ಬಾಯ್ಮುಚ್ಚೋ. ನಿಂಗೆ ಪರೀಕ್ಷೇಲಿ ಸೊನ್ನೆ ಬಂದಿದೆ, ಅದನ್ನ ತಿನ್ನು.”

ತರಗತಿ ನಗುತ್ತಿತ್ತು. ಚಿಕಾಕೊ ಹಾಜರಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಇಪ್ಪತ್ತು ನಿಮಿಷ ತಡವಾದರೆ ಆ ಪೀರಿಯಡ್ಡಿಗೆ ಗೈರುಹಾಜರಿ. ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ಅವರಿಗೆ ಐವತ್ತೊಂಬತ್ತು ವರ್ಷ. ಬೆಳಗ್ಗೆ ಇಲ್ಲಿ ಪಾಠ, ಮಧ್ಯಾಹ್ನ ಎರಡು ರೈಲು ಬದಲಿಸಿ ಇನ್ನೊಂದು ಶಾಲೆಯಲ್ಲಿ ಅದೇ ಪಾಠ, ಅದೇ ಅಭಿನಯ. ಸಂಜೆಯ ರೈಲಿನಲ್ಲಿ ಅವರೂ ಕಂಬಕ್ಕೆ ತಲೆಯಾನಿಸುತ್ತಿದ್ದರು.

ಧನ್‌ಸರಾ ಇದ್ದದ್ದು ಅಂಗಡಿ ಬೀದಿಯ ಕೊನೆಯಲ್ಲಿ, ಓಮೊರಿ ಅಜ್ಜಿಯ ತೋಫು ಅಂಗಡಿಯ ಮೇಲಿನ ಕೋಣೆಯಲ್ಲಿ. ಒಂದು ದಿನ ಚಿಕಾಕೊ ಅಲ್ಲಿ ತೋಫು ಕೊಳ್ಳುವಾಗ ಅಜ್ಜಿ ತಾನಾಗಿಯೇ ಹೇಳಿತು. “ನಿಮ್ಮ ಹುಡುಗಿ ಏಳೋದೂ ನಾನು ಸೋಯಾ ರುಬ್ಬೋಕೆ ಏಳೋದೂ ಒಂದೇ ಹೊತ್ತು. ನಾನಾದ್ರೂ ಮಧ್ಯಾಹ್ನ ಮಲಗ್ತೀನಿ. ಅದು ಮೇಲೆ ಕೂತು ಒದರ್ತಾ ಇರತ್ತೆ, ಅದೇನು ಓದೋ ಏನೋ.”

“ಏನು ಓದ್ತಾಳೆ ಅಜ್ಜಿ?”

“ಮೈಕೈ ಹೆಸರುಗಳು. ಮಂಡಿ, ಸೊಂಟ, ಹಿಮ್ಮಡಿ. ಮೊನ್ನೆ ನನ್ನ ಬೆನ್ನು ಹಿಡ್ಕೊಂಡಿತ್ತು. ಬಂದು ಹೇಗೆ ಹೊರಳಿಸಿ ಎಬ್ಬಿಸಿದಳು ಅಂದ್ರೆ, ನೋವೇ ಗೊತ್ತಾಗ್ಲಿಲ್ಲ. ನನ್ನ ಸೊಸೆಗೆ ಏಳು ಜನ್ಮಕ್ಕೂ ಬರೋದಿಲ್ಲ ಅದು.”

ಊರಿನಲ್ಲಿ ಧನ್‌ಸರಾ ಲಕ್ವಾ ಹೊಡೆದ ತನ್ನ ಅಜ್ಜಿಯನ್ನು ಮೂರು ವರ್ಷ ಮೀಯಿಸಿ, ಉಣ್ಣಿಸಿ, ಮಗ್ಗುಲು ಬದಲಿಸಿ ನೋಡಿಕೊಂಡಿದ್ದಳು. ತನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ ಎಂದು ಅವಳ ನಂಬಿಕೆ. ಅದನ್ನು ಕಲಿಸುವ ಕಾಲೇಜು ಜಪಾನಿನಲ್ಲಿ ಇದೆಯೆಂದು ಕೇಳಿಯೇ ಅವಳು ಬಂದದ್ದು. ಆ ಕಾಲೇಜಿಗೆ ಸೇರಬೇಕಾದರೆ ಭಾಷಾ ಶಾಲೆಯ ಎರಡು ವರ್ಷ ಮುಗಿಯಬೇಕು. ಎರಡನೆಯ ವರ್ಷ ಇಲ್ಲಿ ಇರಬೇಕಾದರೆ ವೀಸಾ ಮುಂದುವರಿಯಬೇಕು. ಅದಕ್ಕೆ ನೂರಕ್ಕೆ ಎಂಬತ್ತು ಹಾಜರಿಯಾದರೂ ಬೇಕು. ಫೆಬ್ರವರಿಯಲ್ಲಿ ಧನ್‌ಸರಾಳ ಹಾಜರಿ ಎಪ್ಪತ್ತೆಂಟು.

ಕಡಿಮೆ ಬಿದ್ದವರು ಕಾರಣ ಬರೆದು ಕೊಡಬೇಕಿತ್ತು. ಒಂದು ಬುಧವಾರ ಶಾಲೆಯ ಕಚೇರಿಯ ಹಮಾನೊ ಆ ಹಾಳೆ ಹಿಡಿದು ಬಂದರು. ಅವರ ಮೇಜಿನ ಮೇಲೆ ಅಂಥ ಅರವತ್ತು ಕಡತಗಳಿದ್ದವು. ಒಂದು ಕಣ್ಣು ಊದಿ ಅರ್ಧ ಮುಚ್ಚಿಹೋಗಿತ್ತು.

“ಮಿಜೊಗುಚಿ ಸೆನ್ಸೇ, ನಿಮ್ಮ ಹುಡುಗಿ ಕತೆ ಬರ್ದಿದ್ದಾಳೆ ನೋಡಿ. ನೂರೆಪ್ಪತ್ತಾರು ಪೀರಿಯಡ್ ಬಂದಿಲ್ಲ. ಎಷ್ಟು ಯಸುಮಿ, ಯಾಕೆ ಅಂತ ಕೇಳಿದ್ರೆ ಏನಂತ ಬರ್ದಿದ್ದಾಳೆ ಓದಿ.”

ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಇತ್ತು: *ನನಗೆ ಯಸುಮಿ ಇಲ್ಲ. ಒಂದು ದಿನವೂ ಇಲ್ಲ.*

“ಹಾಜರಿ ಪುಸ್ತಕ ಒಂದು ಹೇಳತ್ತೆ, ಇವಳು ಒಂದು ಹೇಳ್ತಾಳೆ. ಇದು ವಲಸೆ ಇಲಾಖೆಗೆ ಹೋದ್ರೆ ಸುಳ್ಳು ಹೇಳಿಕೆ ಅಂತ ಅಲ್ಲೇ ಮುಗೀತು. ನಾಡಿದ್ದು ಶುಕ್ರವಾರ ನಾನೇ ಒಯ್ದು ಕೊಡ್ಬೇಕು. ಸರಿಮಾಡಿಸಿ, ಇಲ್ಲಾ ಅವಳ ಕಡತ ತೆಗೆದಿಡ್ತೀನಿ.”

ಪಾಠ ಮುಗಿದ ಮೇಲೆ ಚಿಕಾಕೊ ಅವಳನ್ನು ಉಳಿಸಿಕೊಂಡರು. ಹಿಂದಿನ ಬೆಂಚಿನಲ್ಲಿ ನ್ಯೆಮ್ ಬ್ರೆಡ್ಡು ತಿನ್ನುತ್ತ ಕೂತಿದ್ದ.

“ಧನ್‌ಸರಾ, ಇದನ್ನ ಹೀಗೆ ಬರೀಬಾರ್ದು. ನೀನು ಯಸುಮಿ ಮಾಡಿದೀಯಾ.”

“ಇಲ್ಲ ಸೆನ್ಸೇ.”

“ವಾರಕ್ಕೆ ಮೂರು ಸಲ ಮೊದಲ್ನೇ ಪೀರಿಯಡ್ ಇರ್ಲಿಲ್ಲ ನೀನು.”

“ಇರ್ಲಿಲ್ಲ. ಆದ್ರೆ ಯಸುಮಿ ಇಲ್ಲ. ದಿನಾ ಹೊರಟಿದೀನಿ. ಜ್ವರ ಬಂದಾಗ್ಲೂ ಹೊರಟಿದೀನಿ. ಬೇಕಾದ್ರೆ ಓಮೊರಿ ಅಜ್ಜಿನ ಕೇಳಿ.” ಅವಳು ಎರಡೂ ಅಂಗೈ ಜೋಡಿಸಿ, ಕೆನ್ನೆಯ ಕೆಳಗಿಟ್ಟು, ತಲೆ ವಾಲಿಸಿದಳು. “ಇದು, ಇದು ನಾನು ಮಾಡಿಲ್ಲ. ಜಪಾನಿಗೆ ಬಂದ್ಮೇಲೆ ಒಂದಿನಾನೂ ಮಾಡಿಲ್ಲ.”

ಚಿಕಾಕೊ ತಮ್ಮದೇ ಅಭಿನಯವನ್ನು ಅವಳ ಕೈಯಲ್ಲಿ ಕಂಡರು. ಯಸುಮಿ ಎಂದರೆ ರಜೆ. ಯಸುಮಿ ಎಂದರೆ ವಿಶ್ರಾಂತಿ. ಶಾಲೆಗೆ ಬಾರದಿದ್ದರೂ ಅದು ಯಸುಮಿಯೇ. ಜಪಾನಿನವರಿಗೆ ಮೂರೂ ಒಂದೇ ಪದ. ಅವರು ಕಲಿಸಿದ್ದು ಮಾತ್ರ ಒಂದೇ ಅರ್ಥ, ಅದೂ ಕಣ್ಣು ಮುಚ್ಚಿ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಜನ ಹೀಗೆ ಬರೆದಿರಬಹುದು, ಎಷ್ಟು ಜನರನ್ನು ಸುಳ್ಳರೆಂದು ಬದಿಗಿಟ್ಟಿರಬಹುದು ಎಂದು ಯೋಚಿಸಿ ಅವರು ಅಲ್ಲೇ ವಿದ್ಯಾರ್ಥಿಗಳ ಕುರ್ಚಿಯಲ್ಲಿ ಕೂತುಬಿಟ್ಟರು.

“ತಪ್ಪು ನಂದು,” ಎಂದರು. ಪದದ ಉಳಿದ ಅರ್ಥಗಳನ್ನು ಬಿಡಿಸಿ ಹೇಳಿದರು. “ಈಗ ‘ಯಸುಮಿ ಮಾಡಿದೆ’ ಅಂತ ಬರಿ. ಸಾಕು.”

ಧನ್‌ಸರಾ ಪೆನ್ಸಿಲು ಎತ್ತಿಕೊಂಡಳು. ಹಾಳೆ ನೋಡಿ ಮತ್ತೆ ಕೆಳಗಿಟ್ಟಳು.

“ಆಗಲ್ಲ ಸೆನ್ಸೇ.”

“ಯಾಕೆ?”

“ಓದೋರು ಇದನ್ನೇ ಅಂದ್ಕೊಂಡ್ರೆ?” ಮತ್ತೆ ಕೈ ಕೆನ್ನೆಗಿಟ್ಟಳು. “ಧನ್‌ಸರಾ ಮಲಗಿದ್ಲು ಅಂತ ಅಂದ್ಕೋತಾರೆ.”

“ರೈಲಲ್ಲಿ ಮಲಗಿದ್ಯಲ್ಲ ಅಕ್ಕ,” ಎಂದ ನ್ಯೆಮ್.

“ನಿಂತ್ಕೊಂಡಿದ್ದೆ ಕಣೋ!” ಎಂದು ಅವಳು ತಿರುಗಿ ಕೂಗಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಅಂದೇ ಮೊದಲು. ನ್ಯೆಮ್ ಬ್ರೆಡ್ಡು ಕೆಳಗಿಟ್ಟ.

ಇನ್ನೊಂದು ಶಾಲೆಯ ರೈಲಿಗೆ ಚಿಕಾಕೊ ಅವರಿಗೆ ಹದಿನೈದು ನಿಮಿಷ ಉಳಿದಿತ್ತು. ಅವರು ಎದ್ದು ಬೋರ್ಡಿನ ಮೇಲೆ ಎರಡು ದೊಡ್ಡ ಅಕ್ಷರ ಬರೆದರು. ಮುಂದಿನ ವರ್ಷ ಕಲಿಸಬೇಕಾದ ಕಠಿಣ ಅಕ್ಷರಗಳು ಅವು. “ಇನ್ನೊಂದು ಪದ ಇದೆ. ಕೆಸ್ಸೆಕಿ. ಮೊದಲ್ನೇ ಅಕ್ಷರ ಅಂದ್ರೆ, ಇಲ್ಲ, ಕೊರತೆ. ಎರಡನೇದು, ಕೂರೋ ಜಾಗ.”

ಧನ್‌ಸರಾ ಎದ್ದು ಬೋರ್ಡಿನ ಹತ್ತಿರ ಹೋಗಿ ನೋಡಿದಳು. ಆಮೇಲೆ ತಿರುಗಿ, ಕಿಟಕಿಯ ಪಕ್ಕದ ತನ್ನ ಕುರ್ಚಿಯನ್ನು ನೋಡಿದಳು.

“ಜಾಗ ಖಾಲಿ ಇತ್ತು ಅಂತಾನಾ?”

“ಹೌದು.”

“ಧನ್‌ಸರಾ ಏನು ಮಾಡ್ತಿದ್ಲು ಅಂತ ಇದು ಹೇಳಲ್ವಾ?”

“ಹೇಳಲ್ಲ. ಅದನ್ನ ನೀನೇ ಕೆಳಗೆ ಬರಿ.”

“ಹಾಗಾದ್ರೆ ಇದು ನಿಜ,” ಎಂದಳು ಅವಳು. “ಇದನ್ನ ಬರೀತೀನಿ.”

ಗೆರೆ ಗೆರೆಯಾಗಿ ನೋಡಿಕೊಂಡು ಆ ಎರಡು ಅಕ್ಷರಗಳನ್ನು ಹಾಳೆಗೆ ಇಳಿಸಿದಳು. ಅದರ ಕೆಳಗೆ ತನಗೆ ಗೊತ್ತಿದ್ದ ಪದಗಳಲ್ಲೇ ಬರೆದಳು: *ನೂರೆಪ್ಪತ್ತಾರು ಸಲ ನನ್ನ ಜಾಗ ಖಾಲಿ ಇತ್ತು. ನಾನು ಶಾಲೆಗೆ ಹೊರಟಿದ್ದೆ. ಕೆಲಸ ಮುಗಿಸಿ ರೈಲಿನಲ್ಲಿ ನಿಂತಿದ್ದೆ. ಕಣ್ಣು ಮುಚ್ಚಿತು. ರೈಲು ನನ್ನನ್ನು ದೂರ ಒಯ್ದಿತು. ಪ್ರತಿ ಸಲ ವಾಪಸು ಬಂದೆ. ಇನ್ನು ಬೆಳಗಿನ ಕೆಲಸ ಬಿಡುತ್ತೇನೆ.* ಚಿಕಾಕೊ ಅದರ ಕೆಳಗೆ, ಪದದ ಗೊಂದಲ ತಮ್ಮ ಪಾಠದಿಂದಲೇ ಆದದ್ದೆಂದು ಬರೆದು ಸಹಿ ಹಾಕಿ, ತಮ್ಮ ಹೆಸರಿನ ಮುದ್ರೆ ಒತ್ತಿದರು. ಆ ದಿನ ಅವರ ರೈಲು ತಪ್ಪಿತು. ಇನ್ನೊಂದು ಶಾಲೆಯ ತರಗತಿಗೆ ಅವರೇ ತಡವಾಗಿ ಹೋಗಿ ಬಗ್ಗಿ ಕ್ಷಮೆ ಕೇಳಿದರು.

ಹಮಾನೊ ಒಳ್ಳೆಯ ಕಣ್ಣಿನಿಂದ ಹಾಳೆ ಓದಿ, “ಈ ಥರದ್ದು ನಾನು ಕಂಡಿಲ್ಲ,” ಎಂದು ಕಡತಕ್ಕೆ ಸೇರಿಸಿದರು.

ಐದು ವಾರ ಕಳೆದ ಮೇಲೆ ಇಲಾಖೆಯಿಂದ ವೀಸಾ ಕಾರ್ಡು ಬಂತು. ಎಲ್ಲರಿಗೂ ಒಂದು ವರ್ಷ ಕೊಟ್ಟಿದ್ದರು, ಅವಳಿಗೆ ಆರೇ ತಿಂಗಳು. ಆರು ತಿಂಗಳಾದ ಮೇಲೆ ಮತ್ತೆ ಕೇಳಬೇಕು. ಧನ್‌ಸರಾ ಬೆಳಗಿನ ಕೆಲಸ ಬಿಟ್ಟು ಮಧ್ಯಾಹ್ನ ತನ್ನ ಕೋಣೆಯಿದ್ದ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತಳು. ಆಯಾಸವೇನೂ ಕಡಿಮೆಯಾಗಲಿಲ್ಲ. ಆದರೆ ಒಂಬತ್ತಕ್ಕೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇರುತ್ತಿದ್ದಳು. ಎರಡನೆಯ ಸಲವೂ ವೀಸಾ ಸಿಕ್ಕಿತು. ಕಾಲೇಜು ಸೇರಿ ಮುಗಿಸಿದಳು.

ಚಿಕಾಕೊ ಇನ್ನೂ ಅದೇ ಮಹಡಿ ಹತ್ತುತ್ತಾರೆ. ಯಸುಮಿ ಪದ ಬಂದಾಗ ಈಗಲೂ ಅವರ ಅಂಗೈಗಳು ತಾವಾಗಿಯೇ ಕೆನ್ನೆಯತ್ತ ಹೋಗುತ್ತವೆ. ಅರ್ಧದಲ್ಲಿ ನಿಲ್ಲಿಸಿ, ತರಗತಿಯಲ್ಲಿರುವ ಖಾಲಿ ಕುರ್ಚಿಯೊಂದನ್ನೂ ತೋರಿಸುತ್ತಾರೆ.

ಧನ್‌ಸರಾ ಈಗ ಕಾವಾಗೋಯೆಯ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡುತ್ತಾಳೆ. ಹನ್ನೊಂದು ಜನ ಮುದುಕರನ್ನು ಎಬ್ಬಿಸುವುದು, ಮೀಯಿಸುವುದು, ಮಗ್ಗುಲು ಬದಲಿಸುವುದು ಅವಳ ಪಾಲಿಗೆ ಬಂದಿದೆ. ಅವಳಿಗೆ ಬುಧವಾರ ಯಸುಮಿ. ಅಂದು ಅವಳು ಮಲಗುತ್ತಾಳೆ.