ಎಡಗೆನ್ನೆಯ ಮಚ್ಚೆ

ಕ್ಷೌರದಂಗಡಿಯವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಸುಮ್ಮನೆ ಇಟ್ಟಿದ್ದಲ್ಲ. ಬೆಳಿಗ್ಗೆ ಷಟರ್ ಎತ್ತುವಾಗ ಶುರುವಾದ ಬಾಯಿ ಸಂಜೆ ಷಟರ್ ಎಳೆಯುವವರೆಗೂ ನಿಲ್ಲುತ್ತಿರಲಿಲ್ಲ. ಗಿರಾಕಿಯ ಬೆನ್ನ ಹಿಂದೆ ನಿಂತು, ಎದುರಿನ ಕನ್ನಡಿಯಲ್ಲಿ ಅವನ ಕಣ್ಣಿಗೆ ಕಣ್ಣು ಕೊಟ್ಟು ಲೋಕದ ಸುದ್ದಿಯನ್ನೆಲ್ಲ ಬಿತ್ತರಿಸುತ್ತಿದ್ದ. ಮನೆಗೆ ಬಂದರೆ ಮಾತ್ರ ಬ್ಯಾಟರಿ ಖಾಲಿ. ಹೆಂಡತಿ ಒಂದು ಕೇಳಿದರೆ ಹ್ಞೂಂ, ಎರಡು ಕೇಳಿದರೆ ಹ್ಞೂಂ ಹ್ಞೂಂ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಪಾಪ, ಇವನು ಮಾರಿಯೂ ಅಲ್ಲ, ಬರೀ ಮೂಕ.

ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಆ ಲಾಂಡ್ರಿಯ ಮಹಡಿಯ ಮೇಲಿನ ಹಾಲ್‌ನಲ್ಲಿ ಗಂಡ ಹೆಂಡತಿಯರಿಗಾಗಿ ತಂತ್ರದ ತರಗತಿ ನಡೆಯುತ್ತದೆ ಎಂದು ಗೊತ್ತಾದ ದಿನ ಅವಳು ಗಂಡನಿಗೆ ಹೇಳಿದಳು: "ನಾನು ಮನೇಲಿ ಇದೀನೋ ಇಲ್ವೋ ಅನ್ನೋದೇ ನಿಮಗೆ ಗೊತ್ತಾಗಲ್ಲ. ಭಾನುವಾರ ನನ್ನ ಜೊತೆ ಬನ್ನಿ. ಇದರಲ್ಲೂ ಏನೂ ಆಗ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ." ಕೂಗಾಡಿದ್ದರೆ ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಇವಳು ಮೆಲ್ಲಗೆ, ಅವನದೇ ಅಂಗಿಯ ಕಾಲರ್ ಮಡಚುತ್ತಾ ಹೇಳಿದಳು. ಅವನು ಹ್ಞೂಂ ಎಂದ, ಈ ಸಲ ಕೇಳಿಸಿಕೊಂಡೇ.

ತಂತ್ರ ಅಂದರೆ ಒಂದೋ ತಲೆಬುರುಡೆ ಇಟ್ಟು ಮಾಟ ಮಾಡೋದು, ಇಲ್ಲವೇ ನಾಲ್ಕು ಜನರ ಮುಂದೆ ಬಟ್ಟೆ ಬಿಚ್ಚೋದು ಅಂತ ಅವನ ತಿಳುವಳಿಕೆ. ಎರಡಕ್ಕೂ ಸಿದ್ಧನಾಗಿ ಹೊಸ ಬನಿಯನ್ ಹಾಕಿಕೊಂಡೇ ಹೋದ. ಅಲ್ಲಿ ನೋಡಿದರೆ ಚಾಪೆ, ದಿಂಬು, ಕಿರುಗುಟ್ಟುವ ಒಂದು ಫ್ಯಾನು. ಮಂಡಿನೋವಿನ ಟೀಚರಮ್ಮ ಒಬ್ಬರೇ ಕುರ್ಚಿಯ ಮೇಲೆ ಕೂತಿದ್ದರು. ಅವನ ಕೈ ಅಂಗಿಯ ಗುಂಡಿಗೆ ಹೋದದ್ದನ್ನು ನೋಡಿ, "ಇಲ್ಲಿ ಯಾರೂ ಏನೂ ಬಿಚ್ಚಬೇಕಾಗಿಲ್ಲಪ್ಪ," ಎಂದರು. "ಮೈ ಅನ್ನೋದು ಪಾಪದ ಮೂಟೆ ಅಲ್ಲ, ದೇವರಿರೋ ಜಾಗ ಅನ್ನುತ್ತೆ ತಂತ್ರ. ಗಂಡ ಹೆಂಡತಿ ಹತ್ತಿರ ಆಗೋದು ಹಾಸಿಗೇಲಲ್ಲ, ಗಮನದಲ್ಲಿ. ಅವಸರ ಇಲ್ಲ, ಎಲ್ಲಿಗೂ ಹೋಗಿ ಮುಟ್ಟಬೇಕಾಗಿಲ್ಲ. ಎದುರುಬದುರು ಕೂತು, ಉಸಿರಿಗೆ ಉಸಿರು ಸೇರಿಸಿ, ಸುಮ್ಮನೆ ನೋಡಿ. ಅಷ್ಟೇ."

ಅಷ್ಟೇ ಅಂತೆ! ಅಷ್ಟು ಹತ್ತಿರಕ್ಕೆ ಒಂದು ಮುಖ ಬಂದರೆ ಸಾಕು, ರೇಡಿಯೋನ ಕೈ ತಾನಾಗಿಯೇ ಗದ್ದ ಹಿಡಿದು ಪಕ್ಕಕ್ಕೆ ತಿರುಗಿಸಿಬಿಡುತ್ತಿತ್ತು. "ಕಿವಿ ಹತ್ರ ಸ್ವಲ್ಪ ಏರುಪೇರಾಗಿದೆ," ಎಂದುಬಿಟ್ಟ. ಪಕ್ಕದ ಚಾಪೆಯವರು ಕಿಸಕ್ಕೆಂದರು. ಹೆಂಡತಿ ಗದ್ದ ಬಿಡಿಸಿಕೊಂಡಳು.

ಆಮೇಲೆ ಟೀಚರಮ್ಮ, ಗಂಡಸರು ಕಣ್ಣು ಮುಚ್ಚಿ ತಮ್ಮ ಹೆಂಡತಿಯ ಮುಖ ಹೇಗಿದೆ ಹೇಳಲಿ ಎಂದರು. ಇದೇನು ಮಹಾ ಅನ್ನಿಸಿತು ಅವನಿಗೆ. "ಎಡಗೆನ್ನೆ ಮೇಲೆ ಮಚ್ಚೆ. ಎಳ್ಳು ಕಾಳಿನಷ್ಟು," ಎಂದ, ಇಡೀ ಹಾಲ್‌ಗೆ ಕೇಳಿಸುವಂತೆ. ಕಣ್ಣು ಬಿಟ್ಟರೆ ಮಚ್ಚೆ ಬಲಗೆನ್ನೆಯ ಮೇಲೆ ಕೂತಿತ್ತು.

"ಎಡಗೆನ್ನೇಲಿ ಮಚ್ಚೆ ಇರೋಳು ಯಾರು?" ಎಂದು ಕೇಳಿದಳು ಹೆಂಡತಿ. ಎಲ್ಲರೂ ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಎಂದು ಟೀಚರಮ್ಮ ಗಡಿಬಿಡಿಯಲ್ಲಿ ಹೇಳುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಇಳಿದಾಗಿತ್ತು.

ಬಸ್ ಸ್ಟಾಪಿನ ಕಡೆಗೆ ಅವಳು ಮುಂದೆ, ಇವನು ಹಿಂದೆ. ಆಣೆಗೂ ಅವನಿಗೆ ಬೇರೆ ಯಾರೂ ಇರಲಿಲ್ಲ, ಆದರೆ ಅದನ್ನು ಹೇಳಲು ನಾಲಿಗೆ ಏಳಬೇಕಲ್ಲ. ಅವನಿಗೆ ಮಾತು ಬರುವ ಜಾಗ ಭೂಮಿಯ ಮೇಲೆ ಒಂದೇ ಇತ್ತು, ಅದು ದಾರಿಯಲ್ಲೇ ಸಿಕ್ಕಿತು. "ಒಂದೇ ಒಂದು ಸಲ ಅಂಗಡಿ ಒಳಗೆ ಬಾ. ಆಮೇಲೆ ಬಸ್ಸಿಗೆ ನಾನೇ ಹತ್ತಿಸ್ತೀನಿ," ಎಂದು ಗೋಗರೆದ. ಷಟರನ್ನು ಅರ್ಧ ಎತ್ತಿ, ಅವಳನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತ. ಬಾಯಿ ತೆರೆಯುವ ಮೊದಲು ಅಭ್ಯಾಸಬಲದಿಂದ ತಲೆಯೆತ್ತಿ ಕನ್ನಡಿ ನೋಡಿದ. ನೋಡಿದವನು ಹಾಗೇ ನಿಂತುಬಿಟ್ಟ.

"ಇವಳೇ ಕಣೇ ಅವಳು," ಎಂದ.

ಕನ್ನಡಿಯ ಹೆಂಗಸಿನ ಎಡಗೆನ್ನೆಯ ಮೇಲೆ, ಎಳ್ಳು ಕಾಳಿನಷ್ಟೇ, ಮಚ್ಚೆ ಇತ್ತು. ದಿನಾ ಬೆಳಿಗ್ಗೆ ಮನೆಯ ಕನ್ನಡಿಯ ಮುಂದೆ ಅವಳು ತಲೆ ಬಾಚುವುದು, ಹಿಂದೆ ನಿಂತು ಇವನು ಅಂಗಿಯ ಗುಂಡಿ ಹಾಕಿಕೊಳ್ಳುವುದು. ಇಬ್ಬರ ನಡುವೆ ಇದ್ದ ಚೂರುಪಾರು ಮಾತೆಲ್ಲ ಆ ಗಾಜಿನಲ್ಲೇ. ಅವಳಿಗೂ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂತು.

"ಅಂದ್ರೆ ಇಷ್ಟು ವರ್ಷ ನೀವು ಸಂಸಾರ ಮಾಡಿದ್ದು ಅವಳ ಜೊತೆ," ಎಂದಳು.

ಅವನು ಕುರ್ಚಿಯನ್ನು ತಿರುಗಿಸಿದ. ಯಾವ ಗಿರಾಕಿಯನ್ನೂ ಅವನು ಕನ್ನಡಿಗೆ ಬೆನ್ನು ಹಾಕಿ ಕೂರಿಸಿದವನಲ್ಲ. ಸ್ಟೂಲ್ ಎಳೆದುಕೊಂಡು ಅವಳೆದುರು ಕೂತ. ಕೈ ಎಂದಿನಂತೆ ಗದ್ದಕ್ಕೆ ಹೋಯಿತು, ಆದರೆ ಈ ಸಲ ತಿರುಗಿಸಲಿಲ್ಲ. ಹೆಬ್ಬೆರಳು ನಿಧಾನವಾಗಿ ಬಲಗೆನ್ನೆಯ ಮೇಲೆ ಹೋಗಿ ಮಚ್ಚೆಯನ್ನು ಹುಡುಕಿ ಅಲ್ಲೇ ನಿಂತಿತು. ಅವಳ ಉಸಿರು ಅವನ ಮುಂಗೈಗೆ ತಾಗುತ್ತಿತ್ತು.

"ಕಿವಿ ಹತ್ರ ಏರುಪೇರು?" ಎಂದಳು ಅವಳು.

"ಇರ್ಲಿ ಬಿಡು."

ಷಟರ್ ಅರ್ಧ ಎತ್ತಿದ್ದು ಕಂಡು ಯಾವನೋ ಗಿರಾಕಿ ಬಗ್ಗಿ ಕೇಳಿದ: "ರೇಡಿಯೋ, ಎಷ್ಟು ಹೊತ್ತಾಗುತ್ತೆ?"

ಅವನು ಹೆಂಡತಿಯ ಮುಖದಿಂದ ಕಣ್ಣು ಕೀಳಲಿಲ್ಲ. "ಈಗಷ್ಟೇ ಶುರು ಮಾಡಿದೀನಿ," ಎಂದ. "ನಾಳೆ ಬಾ."