ಗೋಡೆಯ ಮೇಲೆ ಬಸ್ಸಿನ ದಾರಿ ಬರೆದವರು

ಅವರ ಚಡ್ಡಿಯ ಬಲಬದಿ ಹಲಗೆಯಂತೆ ಗಟ್ಟಿಯಾಗಿತ್ತು. ಬ್ರಷ್ ಒರೆಸಲು ಬೇರೆ ಬಟ್ಟೆ ಹುಡುಕುವವರಲ್ಲ. ಕೆಂಪು, ಹಸಿರು, ಕಪ್ಪು ಎಲ್ಲ ಅಲ್ಲಿಗೇ. ಕುದ್ರೋಳಿಯಲ್ಲಿ ನಮ್ಮ ಮನೆಯ ಹಿಂಬದಿಯ ಮನೆಯವರು. ನಮ್ಮ ಕಡೆ ಕ್ರಿಶ್ಚಿಯನರನ್ನು ಪೊರ್ಬುಗಳು ಎಂದು ಕರೆಯುವುದು, ಹಾಗಾಗಿ ನನಗೆ ಅವರು ಕೊನೆಯವರೆಗೂ ಪೊರ್ಬುಗಳೇ. ಬಸ್ಸಿನ ಬೋರ್ಡ್ ಬರೆಯುವುದು ಅವರ ಕೆಲಸ. ಇಗರ್ಜಿಗೆ ಹೋಗುವಾಗ ಬಿಟ್ಟರೆ ಬಾಯಲ್ಲಿ ಸದಾ ಬೀಡಿ. ನಯವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಬಸ್ಸಿನವರು ಒಮ್ಮೆ ಸೋಡಾ ಅಂಗಡಿಯ ಗೋಡೆಯಲ್ಲಿ ಕೂಳೂರು ಬಸ್ಸಿನ ಸ್ಟಾಪುಗಳ ಹೆಸರು ಬರೆಯಲು ಹೇಳಿದರು. ಇವರು ಉದ್ದಕ್ಕೆ ಒಂದು ಗೆರೆ ಎಳೆದು, ಸ್ಟಾಪಿಗೊಂದು ಬೊಟ್ಟಿಟ್ಟು, ಪ್ರತಿ ಹೆಸರಿನ ಮೇಲೂ ಚಿತ್ರ ಬರೆದರು. ಕುದ್ರೋಳಿಗೆ ದೋಣಿ, ಕೊಟ್ಟಾರಕ್ಕೆ ಗೋಳಿಮರ, ಕೊನೆಯ ಕೂಳೂರಿಗೆ ಹೊಳೆ.

ಅಂಗಡಿಯವನು ನಕ್ಕ. "ಎಂತ ಪೊರ್ಬುಗಳೇ, ರಸ್ತೆ ಇಷ್ಟು ನೆಟ್ಟಗೆ ಉಂಟಾ?"

"ತಿರುಗಿಸುವುದು ಡ್ರೈವರ್. ಕೂತವರಿಗೆ ತಿರುವು ಎಂತಕ್ಕೆ ಮಾರಾಯ? ಎಲ್ಲಿ ಇಳಿಯುವುದು ಅಂತ ಗೊತ್ತಾದ್ರೆ ಸಾಕು."

ನನಗೆ ಆ ಗೋಡೆ ಬೇಕಿತ್ತು. ಎರಡನೇ ಕ್ಲಾಸಿನಲ್ಲೇ ಶಾಲೆ ಬಿಡಿಸಿದ್ದರು, ಕಲಿತ ಅಕ್ಷರ ಮರೆತುಹೋಗಿತ್ತು. ಕೊಟ್ಟಾರದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ, ಮನೆ ನಡೆಸುತ್ತಿದ್ದ ಅತ್ತೆ ಒಂದೇ ಮಾತು ಹೇಳಿದ್ದರು: ಬಸ್ಸಿನಲ್ಲಿ ಒಂದು ದಿನ ದಾರಿ ತಪ್ಪಿ ಎಲ್ಲಿಗಾದರೂ ಹೋಗಿ ಮುಟ್ಟಿದರೆ ಮರುದಿನದಿಂದ ಮನೆಯಲ್ಲೇ. ಕಂಡಕ್ಟರ್ ಸ್ಟಾಪಿನ ಹೆಸರು ಕೂಗುತ್ತಿದ್ದುದು ಅವನಿಗೆ ಮನಸ್ಸು ಬಂದರೆ ಮಾತ್ರ.

ಆಟಿ ತಿಂಗಳು. ಜೋರು ಮಳೆಗೆ ಬಸ್ಸಿನ ಟರ್ಪಾಲು ಇಳಿಬಿಟ್ಟಿದ್ದರು. ನಾನು ಮುಂದಿನ ಗಾಜಿನಲ್ಲಿ ಗೋಳಿಮರಕ್ಕೆ ಕಾಯುತ್ತಾ ಕೂತೆ. ಮರ ಬರಲಿಲ್ಲ, ಹೊಳೆ ಬಂತು. ರಜೆಯ ದಿನ ಗಾಳಿಗೆ ಬಿದ್ದ ಮರವನ್ನು ಕಡಿದು ಸಾಗಿಸಿದ್ದರಂತೆ. ಕಾರ್ಖಾನೆಯ ಹಳೆಯ ಹೆಂಗಸರೂ ನನ್ನ ಹಾಗೆಯೇ ಮರಕ್ಕೆ ಕಾದು ಕೂಳೂರು ಸೇರಿದ್ದರು. ವಾಪಸು ನಡೆದು ಬರುವಾಗ ಕಾರ್ಖಾನೆಯ ಗೇಟು ಹಾಕಿಯಾಗಿತ್ತು.

"ಆಯಿತಲ್ಲ ನಿನ್ನ ಕೆಲಸ" ಎಂದರು ಅತ್ತೆ.

ನಾನು ಸೀದಾ ಹಿಂದಿನ ಮನೆಗೆ ಹೋದೆ. "ಪೊರ್ಬುಗಳೇ, ನಿಮ್ಮ ಮರದಿಂದ ನನ್ನ ಕೆಲಸ ಹೋಯ್ತು."

"ಮರ ನಾನು ಕಡಿದದ್ದಾ ಮಾರಾಯ್ತಿ?"

"ಗೋಡೆಯಲ್ಲಿ ಬರೆದದ್ದು ಯಾರು?"

ಅವರು ಬೀಡಿ ಬಿಸಾಡಿದರು. ಮಳೆಯಲ್ಲೇ ನಮ್ಮ ಜಗಲಿಗೆ ಬಂದು ಅತ್ತೆಗೆ ಹೇಳಿದರು: "ತಪ್ಪು ನನ್ನದು, ಹುಡುಗಿಯದ್ದಲ್ಲ. ಇವಳಿಗೆ ಹೆಸರು ಓದ್ಲಿಕ್ಕೆ ಕಲಿಸ್ತೇನೆ. ಬರದಿದ್ರೆ ಮನೆಯಲ್ಲೇ ಇಟ್ಕೊಳ್ಳಿ."

"ಓದಿ ಕಲೆಕ್ಟರ್ ಆಗ್ಲಿಕ್ಕುಂಟಾ ಇವಳಿಗೆ?"

"ಇಲ್ಲ. ಕೊಟ್ಟಾರದಲ್ಲಿ ಇಳಿಯಲಿಕ್ಕುಂಟು."

ಬಸ್ಸಿನವರು ಈಗ ಸ್ಟಾಪು ಸ್ಟಾಪಿಗೂ ತಗಡಿನ ಬೋರ್ಡ್ ಹಾಕಿಸುತ್ತಿದ್ದರು. ಪೊರ್ಬುಗಳು ಸೀಮೆಸುಣ್ಣದಲ್ಲಿ ಅಕ್ಷರದ ಅಂಚು ಬರೆದು, ಒಳಗೆ ಬಣ್ಣ ತುಂಬಲು ನನ್ನ ಕೈಗೆ ಬ್ರಷ್ ಕೊಟ್ಟರು. ಅಂಚು ದಾಟಿದರೆ ಬ್ರಷ್ಷಿನ ಹಿಡಿಯಲ್ಲೇ ಗೆಣ್ಣಿಗೆ ಪೆಟ್ಟು. ಸರಿಯಾದರೆ ಮುಂದಿನ ತಗಡು. ಬಣ್ಣ ತುಂಬಿಯೇ ಅಕ್ಷರ ಬಂತು.

ನನಗೆ ಓದಲು ಬಂತೋ ಇಲ್ಲವೋ ಎಂದು ಪರೀಕ್ಷಿಸಲು ಅತ್ತೆಯೇ ನನ್ನ ಜೊತೆ ಬಸ್ಸು ಹತ್ತಿದರು. ಅವತ್ತೂ ಮಳೆ, ಟರ್ಪಾಲು. ಬಾಗಿಲ ಹತ್ತಿರ ಕೂತು ಒಂದೊಂದೇ ತಗಡು ಓದಿದೆ. "ಇಳಿಯಿರಿ ಅತ್ತೆ, ಕೊಟ್ಟಾರ" ಎಂದೆ. ಇಳಿದು, ಕಾರ್ಖಾನೆಯ ಗೇಟು ನೋಡಿ, "ಈ ಮಳೆಗೆ ನನ್ನನ್ನು ಯಾಕೆ ಎಬ್ಬಿಸಿ ತಂದದ್ದು?" ಎಂದು ಬೈದರು. ಕೆಲಸ ಬಿಡು ಎಂದು ಮತ್ತೆ ಹೇಳಲಿಲ್ಲ. ನಾನು ಕಾರ್ಖಾನೆಗೆ ಹೋಗುತ್ತಲೇ ಇದ್ದೆ. ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಓದುತ್ತಾ ಉಳಿದ ಅಕ್ಷರಗಳೂ ಬಂದವು.

ಕೈ ನಡುಗಲು ಶುರುವಾದ ಮೇಲೆ ಪೊರ್ಬುಗಳು ಕಂಕನಾಡಿಗೆ, ಮಗಳ ಮನೆಗೆ ಹೋದರು. ತೀರಿಕೊಂಡ ಸುದ್ದಿ ಬಂದ ದಿನ ನನ್ನನ್ನು ಕರೆದುಕೊಂಡು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಆ ಕಡೆಗೆ ನಾನು ಹೋದವಳೇ ಅಲ್ಲ. ಬಸ್ಸು ಹತ್ತಿದೆ. ಅಲ್ಲಿನ ಬೋರ್ಡ್ ಬರೆದದ್ದು ಅವರಲ್ಲ, ಬೇರೆ ಯಾರೋ. ಅಕ್ಷರ ಸೊಟ್ಟಗಿತ್ತು, ಬಣ್ಣ ಅಂಚು ದಾಟಿತ್ತು. ಓದಿದೆ, ಇಳಿದೆ.